ಆಜ್ಞಾಪಿಸು, ಆದೇಶಿಸು, ವಿಧಿಸು: ಮೂರೂ ಒಂದೇನಾ?

ಪ್ರಶ್ನೆ (ಶಿಗ್ಗಾಂವಿ ಕಡೆಯ ಶಾಲಾ ಶಿಕ್ಷಕಿ):
ಸರ್, ನಮಸ್ಕಾರ. ಏಳನೇ ತರಗತಿ ಕಿರುಪರೀಕ್ಷೆಯಲ್ಲಿ ‘ಆಜ್ಞಾಪಿಸು’ ಪದಕ್ಕೆ ಸಮಾನಾರ್ಥಕ ಬರೆದು ವಾಕ್ಯ ಮಾಡಿ ಎಂದು ಕೇಳಿದ್ದೆ. ಒಬ್ಬ ಹುಡುಗ ‘ವಿಧಿಸು’ ಎಂದು ಬರೆದು, ‘ರಾಜನು ಕೋಟೆ ಕಾಯುವಂತೆ ಸೈನಿಕರಿಗೆ ವಿಧಿಸಿದನು’ ಎಂದು ವಾಕ್ಯ ಮಾಡಿದ್ದಾನೆ. ನಿಘಂಟು ನೋಡಿದರೆ ವಿಧಿಸು ಅಂದರೆ ಆಜ್ಞೆ ಮಾಡು ಅಂತಲೇ ಇದೆ. ಆದರೂ ವಾಕ್ಯ ಕಿವಿಗೆ ಒಗ್ಗುತ್ತಿಲ್ಲ. ಅಂಕ ಕೊಡಲೋ ಬೇಡವೋ? ನೀವು ಕೋರ್ಟಿನ ಕಾಗದಗಳನ್ನು ಕನ್ನಡಕ್ಕೆ ತರುವವರು, ಅದಕ್ಕೇ ಕೇಳಿದೆ.

ಉತ್ತರ (ಧಾರವಾಡದ ಅನುವಾದಕ):
ಅಕ್ಕೋರೇ, ಪದಕ್ಕೆ ಅಂಕ ಕೊಡಿ, ವಾಕ್ಯಕ್ಕೆ ಬೇಡ. ಆದರೆ ಹುಡುಗನನ್ನು ಹತ್ತಿರ ಕರೆದು ಕಾರಣ ಹೇಳಿ. ನಿಘಂಟು ಅರ್ಥ ಹೇಳುತ್ತದೆ, ಪದ ಯಾರ ಜೊತೆ ಕೂರುತ್ತದೆ ಅನ್ನೋದನ್ನು ಎಷ್ಟೋ ಸಲ ಹೇಳುವುದಿಲ್ಲ.

‘ಆಜ್ಞಾಪಿಸು’, ‘ಆದೇಶಿಸು’ ಇವಕ್ಕೆ ಮುಂಚೆ ಒಂದು ಕೆಲಸ ಬರಬೇಕು: ಕಾಯುವಂತೆ, ಹಾಜರಾಗಲು, ಜಾಗ ಬಿಡುವಂತೆ. ‘ವಿಧಿಸು’ಗೆ ಮುಂಚೆ ಒಂದು ನಾಮಪದ ಬರಬೇಕು: ದಂಡ, ಶಿಕ್ಷೆ, ತೆರಿಗೆ, ಷರತ್ತು, ನಿರ್ಬಂಧ. ‘ನ್ಯಾಯಾಲಯ ಹಾಜರಾಗುವಂತೆ ಆದೇಶಿಸಿತು. ಬಾರದವನಿಗೆ ದಂಡ ವಿಧಿಸಿತು.’ ಆದೇಶಿಸಿದ್ದನ್ನು ನಾವು ಎದ್ದು ಹೋಗಿ ಮಾಡಬೇಕು. ವಿಧಿಸಿದ್ದು ತಾನೇ ಬಂದು ನಮ್ಮ ಮೇಲೆ ಕೂರುತ್ತದೆ. ‘ಶಾಸ್ತ್ರ ವಿಧಿಸಿದ ಕರ್ಮ’ ಅನ್ನುವ ಹಳೆಯ ಮಾತಿನಲ್ಲೂ ನೋಡಿ, ವಿಧಿಸಿದ್ದು ‘ಕರ್ಮ’ ಎಂಬ ನಾಮಪದವನ್ನೇ.

ಇನ್ನು ಆಜ್ಞಾಪಿಸುವುದು ಒಬ್ಬ ವ್ಯಕ್ತಿ. ರಾಜ, ಸೇನಾಪತಿ, ಕಥೆಯೊಳಗಿನ ಋಷಿ. ಆದೇಶಿಸುವುದು ಹುದ್ದೆ. ಜಿಲ್ಲಾಧಿಕಾರಿ ಬದಲಾದರೂ ಆದೇಶ ಉಳಿಯುತ್ತದೆ, ಅಲ್ವಾ? ಕಾನೂನಿನ ಕನ್ನಡದಲ್ಲಿ ‘ಆಜ್ಞೆ’ ಹೆಚ್ಚಾಗಿ ಜೋಡುಪದಗಳಲ್ಲೇ ಉಳಿದಿದೆ: ತಡೆಯಾಜ್ಞೆ, ನಿಷೇಧಾಜ್ಞೆ, ಸುಗ್ರೀವಾಜ್ಞೆ. ಅವಕ್ಕೂ ‘ಆಜ್ಞಾಪಿಸು’ ಹೊಂದುವುದಿಲ್ಲ. ತಡೆಯಾಜ್ಞೆ ನೀಡುತ್ತಾರೆ, ನಿಷೇಧಾಜ್ಞೆ ಜಾರಿ ಮಾಡುತ್ತಾರೆ, ಸುಗ್ರೀವಾಜ್ಞೆ ಹೊರಡಿಸುತ್ತಾರೆ. ಕೊನೆಯದು ನನಗೆ ಬಹಳ ಇಷ್ಟದ ಪದ. ಸೀತೆಯನ್ನು ಹುಡುಕಿ ತಿಂಗಳೊಳಗೆ ಬರಬೇಕು, ತಪ್ಪಿದರೆ ತಲೆದಂಡ ಎಂದು ಸುಗ್ರೀವ ಕಪಿಗಳಿಗೆ ಹೇಳಿದ ಮಾತು, ಇವತ್ತು ಸದನ ಸೇರದೆ ಇರುವಾಗ ರಾಜ್ಯಪಾಲರು ಹೊರಡಿಸುವ ಕಾನೂನಿಗೆ ಹೆಸರಾಗಿದೆ. ಅದಕ್ಕೂ ಗಡುವು ಇದೆ: ಸದನ ಮತ್ತೆ ಸೇರಿದ 6 ವಾರದೊಳಗೆ ಒಪ್ಪಿಗೆ ಸಿಗದಿದ್ದರೆ ಬಿದ್ದುಹೋಗುತ್ತದೆ.

ಪ್ರಶ್ನೆ (ಗದಗ ತಾಲೂಕು, ಗ್ರಾಮ ಪಂಚಾಯಿತಿ ಸಿಬ್ಬಂದಿ):
ಸರ್, ನೀರಿನ ಕರ ಬಾಕಿ ಇದ್ದವರಿಗೆ ಕೊಟ್ಟ ನೋಟಿಸಿನಲ್ಲಿ ‘ಈ ಮೂಲಕ ಆಜ್ಞಾಪಿಸಲಾಗಿದೆ’ ಎಂದು ಬರೆದಿದ್ದೆ. ಒಬ್ಬ ಹಿರಿಯರು ಕಚೇರಿಗೆ ಬಂದು ತುಂಬಾ ನೊಂದುಕೊಂಡರು. ಏನು ಬರೆಯಬೇಕಿತ್ತು?

ಉತ್ತರ:
ಅವರು ನೊಂದದ್ದು ಸರಿಯೇ. ಬಾಕಿ ಕೇಳುವುದಕ್ಕೆ ‘ತಿಳಿಸಲಾಗಿದೆ’ ಅಥವಾ ‘ಸೂಚಿಸಲಾಗಿದೆ’ ಸಾಕು. ಸೂಚಿಸು ಮಾತಿನಲ್ಲಿ ಮೆತ್ತಗೆ ಕೇಳಿಸುತ್ತದೆ, ಕಚೇರಿ ಕಾಗದದಲ್ಲಿ ಅದಕ್ಕೆ ಬೇಕಾದಷ್ಟು ತೂಕ ಇದೆ. ನನ್ನನ್ನು ಕೇಳಿದರೆ ಅದೂ ಬೇಡ. ‘ಮಾರ್ಚ್ 31ರೊಳಗೆ ಬಾಕಿ ಕಟ್ಟಬೇಕು’ ಎಂದು ಬರೆಯಿರಿ. ಕನ್ನಡದ ‘ಬೇಕು’ ಒಂದೇ ಆ ಕೆಲಸ ಮಾಡುತ್ತದೆ. ಕಟ್ಟದಿದ್ದರೆ ಏನಾಗುತ್ತದೆ ಅನ್ನೋದನ್ನು ಮುಂದಿನ ಸಾಲಿನಲ್ಲಿ ಹೇಳಿ.

ಪ್ರಶ್ನೆ (ಹುಬ್ಬಳ್ಳಿ):
ನಮ್ಮ ಮಂದಿ ಇವು ಯಾವುದನ್ನೂ ಅನ್ನುವುದಿಲ್ಲ ಸರ್. ‘ಸಾಹೇಬ್ರು ಹೇಳ್ಯಾರ’, ‘ಹುಕುಂ ಬಂದೈತಿ’, ‘ತಾಕೀತ ಮಾಡ್ಯಾರ’ ಅಂತಾರೆ. ಇವನ್ನು ಬರೆಯಬಾರದಾ?

ಉತ್ತರ:
ಧಾರಾಳವಾಗಿ ಬರೆಯಿರಿ. ಹುಕುಂ, ತಾಕೀತು ಎರಡೂ ಅರಬ್ಬಿ ಮೂಲದವು, ಪಾರ್ಸಿ ಆಡಳಿತದ ದಾರಿಯಲ್ಲಿ ಬಂದು ನಮ್ಮವೇ ಆಗಿವೆ. ‘ಬಗರ್ ಹುಕುಂ’ ಗೊತ್ತಿಲ್ಲದ ರೈತ ಇದ್ದಾನಾ? ಬಗರ್ ಅಂದರೆ ಇಲ್ಲದೆ. ಹುಕುಂ ಇಲ್ಲದೆ ಸರ್ಕಾರಿ ಜಮೀನು ಉಳುವುದು. ಅದಕ್ಕೆ ‘ಅನಾದೇಶ ಸಾಗುವಳಿ’ ಅಂತ ಯಾರಾದರೂ ಬರೆದರೆ ಒಬ್ಬರಿಗೂ ತಿಳಿಯುವುದಿಲ್ಲ. ತಾಕೀತು ಮಾತ್ರ ಬರೀ ಆದೇಶ ಅಲ್ಲ. ಅದರೊಳಗೆ ‘ಇನ್ನೊಮ್ಮೆ ಹೀಂಗಾದ್ರ ನೋಡು’ ಅನ್ನುವ ಎಚ್ಚರಿಕೆಯೂ ಇದೆ.

ಪ್ರಶ್ನೆ (ಶಿಕ್ಷಕಿ ಮತ್ತೆ):
ಹಾಗಾದರೆ ‘ಅಪ್ಪಣೆ ಕೊಡು’ ಸಮಾನಾರ್ಥಕ ಆಗುತ್ತದಾ ಸರ್?

ಉತ್ತರ:
ಆಗುತ್ತದೆ, ಆದರೆ ಅದು ಎರಡು ಕಡೆ ನೋಡುವ ಪದ. ಆಜ್ಞೆಯೂ ಹೌದು, ಅನುಮತಿಯೂ ಹೌದು. ‘ಅಪ್ಪಣೆ ಕೊಡ್ರಿ, ಹೋಗಿ ಬರ್ತೀವಿ’ ಎಂದು ಹೊರಡುವಾಗ ನಾವು ಕೇಳುವುದು ಅನುಮತಿ. ಮಠಕ್ಕೆ ಹೋದರೆ ‘ಅಜ್ಜಾರು ಅಪ್ಪಣೆ ಕೊಡಿಸ್ಯಾರ’ ಅನ್ನುತ್ತಾರೆ. ಅಜ್ಜಾರು ಹೇಳಿದ್ದು ಬರೀ ‘ಊಟ ಮಾಡಿ ಹೋಗ್ರಿ’ ಅಂತ ಇರಬಹುದು. ಅಲ್ಲಿ ಅದು ‘ಹೇಳಿದರು’ ಎಂಬುದರ ಗೌರವದ ರೂಪ. ‘ಕೊಡಿಸು’ವನ್ನು ಗಮನಿಸಿ. ಬೇರೆ ಯಾರ ಕೈಯಿಂದಲೂ ಕೊಡಿಸುತ್ತಿಲ್ಲ. ದಯಮಾಡಿಸು ಅನ್ನುವಾಗ ಇರುವ ಮರ್ಯಾದೆಯೇ ಇಲ್ಲೂ ಇದೆ.

ಇನ್ನೊಂದು ಪದ ಮಕ್ಕಳಿಗೆ ಕೊಡಲೇಬೇಕು: ‘ಬೆಸಸು’. ಗದಗಿನ ವೀರನಾರಾಯಣನನ್ನು ನೆನೆದು ಬರೆದ ಕುಮಾರವ್ಯಾಸನಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಬೆಸ ಅಂದರೆ ಕೆಲಸ, ಅಪ್ಪಣೆ. ಬೆಸಸು ಅಂದರೆ ಅಪ್ಪಣೆ ಕೊಡು, ಹೇಳು. ‘ಬೆಸಗೊಳ್ಳು’ ಅಂದರೆ ಮಾತ್ರ ಕೇಳು, ವಿಚಾರಿಸು. ಎರಡನ್ನೂ ಒಟ್ಟಿಗೇ ಕಲಿಸಿ, ಇಲ್ಲದಿದ್ದರೆ ಗೊಂದಲ ಆಗುತ್ತದೆ.

ಶಿಕ್ಷಕಿ:
ಹುಡುಗನನ್ನು ಕೂರಿಸಿಕೊಂಡು ತಿದ್ದಿಸಿದೆ ಸರ್. ‘ರಾಜನು ಕೋಟೆ ಕಾಯುವಂತೆ ಆಜ್ಞಾಪಿಸಿದನು, ಮಲಗಿದವರಿಗೆ ದಂಡ ವಿಧಿಸಿದನು’ ಎಂದು ಬರೆದ. ಆಮೇಲೆ ‘ಪೇಪರ್‌ನಲ್ಲಿ ದಂಡ ಹೇರಿದರು ಅಂತ ಇರ್ತದಲ್ರೀ ಅಕ್ಕೋರೇ’ ಅಂದ. ಏನು ಹೇಳಲಿ?

ಉತ್ತರ:
ಒಳ್ಳೆಯ ಕಿವಿ ಇದೆ ಅವನಿಗೆ. ಹೇರು ಅಂದರೆ ಎತ್ತಿನ ಬೆನ್ನ ಮೇಲೆ, ಬಂಡಿಯ ಮೇಲೆ ಭಾರ ಹಾಕುವುದು. ದಂಡ ಹೇರಿದರು ಅಂದಾಗ ಅದು ಜಾಸ್ತಿ ಆಯ್ತು ಅನ್ನುವ ಬೇಸರವೂ ಸೇರುತ್ತದೆ. ಸುದ್ದಿ ಬರೆಯುವವರಿಗೆ, ದಂಡ ಕಟ್ಟಿದವರಿಗೆ ಆ ಪದ ಸರಿ. ತೀರ್ಪಿನ ಅನುವಾದದಲ್ಲಿ ಬಂದರೆ ನಾನು ಹೊಡೆದು ‘ವಿಧಿಸಿತು’ ಎಂದು ತಿದ್ದುತ್ತೇನೆ.