ಸಿಂಪ್ಲೆಕ್ಸ್ ಬರುತ್ತೆ, ಮಾಡೆಲ್ ಕಟ್ಟೋಕೆ ಬರಲ್ಲ: ಆಪರೇಷನ್ಸ್ ರಿಸರ್ಚ್ (ಗಣಿತ ಬಳಸಿ ಒಳ್ಳೆಯ ನಿರ್ಧಾರ ಹುಡುಕೋ ಶಾಸ್ತ್ರ) ಕಲಿಯೋದು ಹೇಗೆ?

ಪ್ರಶ್ನೆ: ಸಿಂಪ್ಲೆಕ್ಸ್ (ಮಿತಿಗಳೊಳಗೆ ಅತಿ ಒಳ್ಳೆಯ ಉತ್ತರ ಹುಡುಕೋ ಲೆಕ್ಕದ ವಿಧಾನ) ಟೇಬಲ್ ಕೊಟ್ಟರೆ ಕೈಯಲ್ಲೇ ಬಿಡಿಸ್ತೀನಿ ಸರ್. ಅದೇ ಸಮಸ್ಯೆಯನ್ನ ಮಾತಲ್ಲಿ ಹೇಳಿದರೆ ಸಮೀಕರಣ ಎಲ್ಲಿಂದ ಶುರು ಮಾಡಬೇಕು ಅಂತಾನೇ ತಿಳಿಯಲ್ಲ. ಹೇಗೆ ಅಭ್ಯಾಸ ಮಾಡಲಿ?

ಉತ್ತರ: ಟೇಬಲ್ ಬಿಡಿಸಿದ್ದು ಸಾಕು, ಆ ಕೆಲಸಕ್ಕೆ ಸಾಲ್ವರ್ (ಇಂಥ ಲೆಕ್ಕ ಬಿಡಿಸುವ ತಂತ್ರಾಂಶ) ಇದೆ. ಮ್ಯಾನೇಜರ್ ನಿಜವಾಗಿ ಯಾವ ಅಂಕಿಯನ್ನು ಬದಲಾಯಿಸಬಲ್ಲರು ಎಂದು ಮೊದಲು ಕೇಳಿ. ಅವಷ್ಟೇ ಚರಾಕ್ಷರಗಳು; ಬೇಡಿಕೆ, ಯಂತ್ರದ ಗಂಟೆ ಎಲ್ಲ ದತ್ತಾಂಶ. ಪ್ರತಿ ಚರಾಕ್ಷರದ ಪಕ್ಕ ಏಕಮಾನ ಬರೆಯಿರಿ. ನಿರ್ಬಂಧದ (ಮೀರಬಾರದ ಮಿತಿಯ) ಎಡಕ್ಕೆ ನಿಮಿಷ, ಬಲಕ್ಕೆ ಗಂಟೆ ಬಂದರೆ ಸಾಲ್ವರ್ ತಕರಾರು ಮಾಡುವುದಿಲ್ಲ, ತಪ್ಪು ಉತ್ತರ ಕೊಡುತ್ತದೆ.

ಒಂದು ಉದಾಹರಣೆ. ವಾರಕ್ಕೆ ಎರಡು ವಸ್ತು, ಅ ಮತ್ತು ಬ. ನಗಕ್ಕೆ ಲಾಭ 40 ಮತ್ತು 30.
ಗುರಿ: 40ಅ + 30ಬ ಗರಿಷ್ಠ
ಕಟಿಂಗ್ ಗಂಟೆ: 2ಅ + ಬ ≤ 100
ಜೋಡಣೆ ಗಂಟೆ: ಅ + ಬ ≤ 80
ಬೇಡಿಕೆ: ಅ ≤ 40
ಎರಡೂ ಸೊನ್ನೆಗಿಂತ ಕಡಿಮೆಯಾಗಬಾರದು.

ಉತ್ತರ ಅ = 20, ಬ = 60, ಲಾಭ 2600. ಇಲ್ಲಿಗೇ ನಿಲ್ಲಬೇಡಿ, ಮ್ಯಾನೇಜರ್‌ಗೆ ಬೇಕಾದ್ದು ಇದರ ಮುಂದಿದೆ. ಕಟಿಂಗ್ ಗಂಟೆಯ ಶ್ಯಾಡೋ ಪ್ರೈಸ್ (ಮಿತಿ ಒಂದು ಗಂಟೆ ಹೆಚ್ಚಿದರೆ ಹೆಚ್ಚುವ ಲಾಭ) 10, ಜೋಡಣೆಯದು 20. ಓವರ್‌ಟೈಮ್‌ಗೆ ಗಂಟೆಗೆ 15 ಹೆಚ್ಚುವರಿ ಖರ್ಚಾದರೆ ಜೋಡಣೆಗೆ ಕೊಡಬಹುದು, ಕಟಿಂಗ್‌ಗೆ ಕೊಟ್ಟರೆ ನಷ್ಟ. ಆ 10 ಎಂಬ ಬೆಲೆಯೂ ಕಟಿಂಗ್ ಗಂಟೆ 80ರಿಂದ 120ರೊಳಗೆ ಇರುವವರೆಗೆ ಮಾತ್ರ. 120 ದಾಟಿದರೆ ಬೇಡಿಕೆಯ ಮಿತಿ ಅಡ್ಡ ಬರುತ್ತದೆ, ಹೆಚ್ಚುವರಿ ಗಂಟೆಗೆ ಬೆಲೆಯೇ ಇಲ್ಲ. ಬೇಡಿಕೆಯ ಶ್ಯಾಡೋ ಪ್ರೈಸ್ ಈಗ ಸೊನ್ನೆ ಇರುವುದೇಕೆ ಎಂದು ನೀವೇ ವಿವರಿಸಿ ನೋಡಿ.

ಮರುಪ್ರಶ್ನೆ: ಅ ಮಾಡೋಕೆ ಯಂತ್ರ ಸಜ್ಜು ಮಾಡೋ ಖರ್ಚು ವಾರಕ್ಕೆ ಒಮ್ಮೆ 300 ಇದ್ದರೆ?

ಉತ್ತರ: ಆಗ 0 ಅಥವಾ 1 ಮಾತ್ರ ಆಗಬಲ್ಲ ಚರಾಕ್ಷರ ಸ ಬೇಕು: ಅ ಮಾಡಿದರೆ 1, ಇಲ್ಲದಿದ್ದರೆ 0. ಗುರಿಯಲ್ಲಿ 300ಸ ಕಳೆಯಿರಿ, ಅ ≤ 40ಸ ಎಂದು ನಿರ್ಬಂಧ ಹಾಕಿ. ಅ ಮಾಡಿದರೆ 2600 − 300 = 2300; ಬಿಟ್ಟು ಬ 80 ನಗ ಮಾಡಿದರೆ 2400. ಹಾಗಾಗಿ ಅ ಕೈಬಿಡಬೇಕು. ಸಜ್ಜು ಖರ್ಚು 150 ಆಗಿದ್ದರೆ ಉಳಿಸಿಕೊಳ್ಳಬಹುದಿತ್ತು.

ಅ ≤ 40ಸ ಎಂಬಲ್ಲಿನ 40ರ ಜಾಗದಲ್ಲಿ "ಯಾವುದೋ ದೊಡ್ಡ ಸಂಖ್ಯೆ" ಎಂದು ಒಂದು ಕೋಟಿ ಹಾಕುವ ಅಭ್ಯಾಸ ಬಹಳ ಕೆಟ್ಟದ್ದು. ಕೆಲವು ಸಾಲ್ವರ್‌ಗಳು 0.00001ರವರೆಗಿನ ವ್ಯತ್ಯಾಸವನ್ನು ಪೂರ್ಣಾಂಕವೆಂದೇ ಒಪ್ಪುತ್ತವೆ. ಸ = 0.000002 ಆದರೂ ಅ = 20 ನಡೆದುಹೋಗುತ್ತದೆ, ಸಜ್ಜು ಖರ್ಚು ಬಹುತೇಕ ಸೊನ್ನೆಯಾಗುತ್ತದೆ, ಉತ್ತರ ಮತ್ತೆ 2600 ಎಂದು ಬರುತ್ತದೆ. ಸಾಧ್ಯವಿರುವಷ್ಟು ಬಿಗಿ ಮಿತಿಯನ್ನೇ ಹಾಕಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: "ಇನ್‌ಫೀಸಿಬಲ್" (ಎಲ್ಲ ನಿರ್ಬಂಧಕ್ಕೂ ಒಟ್ಟಿಗೆ ಹೊಂದುವ ಉತ್ತರವೇ ಇಲ್ಲ) ಅಂತ ಬಂದರೆ ತಪ್ಪು ಎಲ್ಲಿದೆ ಅಂತ ಹುಡುಕೋದು ಹೇಗೆ?

ಉತ್ತರ: ನಿರ್ಬಂಧಗಳನ್ನು ಒಂದೊಂದಾಗಿ ಅಳಿಸುತ್ತಾ ಕೂರಬೇಡಿ. ಸಂಶಯವಿರುವ ಪ್ರತಿ ≤ ನಿರ್ಬಂಧದ ಬಲಕ್ಕೆ, ಸೊನ್ನೆಗಿಂತ ಕಡಿಮೆಯಾಗದ ಒಂದು "ಕೊರತೆ" ಚರಾಕ್ಷರ ಕೂಡಿಸಿ (≥ ಇದ್ದರೆ ಎಡಕ್ಕೆ), ಮೂಲ ಗುರಿ ಬಿಟ್ಟು ಕೊರತೆಗಳ ಮೊತ್ತವನ್ನು ಕನಿಷ್ಠ ಮಾಡಿ. ಸೊನ್ನೆಯಾಗದೆ ಉಳಿದ ಕೊರತೆ ಎಲ್ಲಿ ಎಷ್ಟು ತಾಳೆಯಾಗುತ್ತಿಲ್ಲ ಎಂದು ತೋರಿಸುತ್ತದೆ. ಅಲ್ಲಿಂದ ದತ್ತಾಂಶ ಪರೀಕ್ಷಿಸಿ.

ಸಾಧನದ ಮಾತು: ಎಕ್ಸೆಲ್ ಜೊತೆ ಬರುವ ಸಾಲ್ವರ್‌ಗೆ 200 ಚರಾಕ್ಷರದ ಮಿತಿ ಇದೆ, ಕಲಿಯಲು ಅದು ಸಾಕು. ಮುಂದಕ್ಕೆ ಪೈಥಾನ್‌ ಭಾಷೆಯಲ್ಲಿ ಪಲ್ಪ್ (PuLP, ಇಂಥ ಮಾಡೆಲ್ ಬರೆಯುವ ಲೈಬ್ರರಿ) ಹಿಡಿಯಿರಿ, ಉಚಿತ.