ಸಾಗುವಾನಿ ಬುಡ ಸಾಯಿಸಿದವರು ಯಾರಾದರೂ ಇದ್ದೀರಾ? ಅನುಭವ ಹೇಳಿ

ಕುಂಜಿಬೆಟ್ಟು: ಕಂಪೌಂಡ್ ಬದಿಯ ಸಾಗುವಾನಿ ಕಡಿಸಿದೆವು. ಮಳೆ ಬಿದ್ದರೆ ಸಾಕು, ಬುಡದ ಸುತ್ತ ಚಿಗುರು. ಜೆಸಿಬಿ ಒಳಗೆ ಬರುವ ದಾರಿ ಇಲ್ಲ, ಬಾವಿ ಪಕ್ಕದಲ್ಲೇ ಉಂಟು. ಉಪ್ಪು, ಎಪ್ಸಮ್ ಸಾಲ್ಟ್, ಹೀಗೆ ಮನೆಯಲ್ಲೇ ಸಿಗುವುದನ್ನು ಹಾಕಿ ಗೆದ್ದವರು ಹೇಳಿ.

ಕಾಪು: ಕಲ್ಲುಪ್ಪು. ಬೇರೆ ಮಾತೇ ಬೇಡ. ನಮ್ಮದು ಹಲಸು. ತೂತು ಕೊರೆದು, ಉಪ್ಪು ತುರುಕಿ, ಮೇಣ ಹೊಯ್ದು ಮುಚ್ಚಿದೆ. ಮೇಲಿನಿಂದ ಟಾರ್ಪಾಲ್, ಇಲ್ಲದಿದ್ದರೆ ನಮ್ಮ ಮಳೆಗೆ ಒಂದು ಹರಳೂ ಉಳಿಯುವುದಿಲ್ಲ. ಲೆಕ್ಕ ಕೇಳಿ: ಉಪ್ಪು 120, ಡ್ರಿಲ್ ಬಾಡಿಗೆ 300, ಬಿಟ್ 240. ಅದು ಗಂಟಿಗೆ ಸಿಕ್ಕಿ ತುಂಡಾಯಿತು, ಮತ್ತೊಂದು 240. ಅಗೆಯುವವ ಬರೀ ಕೂಲಿಗೇ 6,000 ಕೇಳಿದ್ದ!

ಶಂಕರಪುರ: ಕಾಪುವಿನ ಅಣ್ಣ, ನಿಮ್ಮ ಆಚೆಮನೆಯವರನ್ನು ಒಮ್ಮೆ ವಿಚಾರಿಸಿ. ನಮ್ಮ ಆಚೆಮನೆಯವರೂ ಹೀಗೇ ಉಪ್ಪು ತುಂಬಿಸಿದರು. ಬೇಲಿ ಬದಿಯ ಮಲ್ಲಿಗೆ ಗಿಡಗಳ ಎಲೆ ಅಂಚಿನಿಂದ ಕಂದು ತಿರುಗಿ ಒಳಗೆ ಒಣಗುತ್ತಾ ಬಂತು. ಮೊಗ್ಗು ಕಾಳಿನಷ್ಟಾಗಿ ಉದುರಿತು. ಅಟ್ಟೆಗೆ, ಅಂದರೆ ಹೂವಿನ ಒಂದು ಕಟ್ಟಿಗೆ, ಸಾವಿರ ದಾಟಿದ ಮದುವೆ ಸೀಸನ್‌ನಲ್ಲಿ ನಾನು ಕೈಕಟ್ಟಿ ಕೂತೆ. ಆ ದುಡ್ಡು ಯಾರು ಕೊಡ್ತಾರೆ?

ಕಾಪು: ನೀರು ನಿಂತು ಬೇರು ಕೊಳೆತರೂ ಮಲ್ಲಿಗೆ ಸಾಯುತ್ತದೆ ಅಕ್ಕ. ಎಲ್ಲದಕ್ಕೂ ಉಪ್ಪೇ ಕಾರಣವಾ?

ಶಂಕರಪುರ: ಮಲ್ಲಿಗೆ ಸಾಕುವುದನ್ನು ನೀವು ನನಗೆ ಕಲಿಸಬೇಡಿ.

ಸುರತ್ಕಲ್: ಮೈಲುತುತ್ತು ಹಾಕಿ ಮಾರಾಯ್ರೆ. ನಮ್ಮ ತಂದೆಯ ಕಾಲದಿಂದ ಅದೇ. ಗೋಳಿಮರದ ಬುಡ ಇವತ್ತಿಗೂ ಕಲ್ಲಿನ ಹಾಗೆ ಬಿದ್ದುಕೊಂಡಿದೆ, ಒಂದು ಚಿಗುರಿಲ್ಲ.

ಮೂಡುಬಿದಿರೆ: ಕಲ್ಲಿನ ಹಾಗೆ ಇರಲೇಬೇಕಲ್ಲ! ಅಡಿಕೆ ಕೊಳೆರೋಗಕ್ಕೆ ಮೈಲುತುತ್ತಿನ ಬೋರ್ಡೋ ದ್ರಾವಣ ಹೊಡೆಯುವುದು ಯಾಕೆ? ತುತ್ತು ಶಿಲೀಂಧ್ರವನ್ನು ಕೊಲ್ಲುತ್ತದೆ. ಮರ ಕೊಳೆಸುವುದೇ ಶಿಲೀಂಧ್ರ. ಅದನ್ನೇ ಕೊಂದು ಬುಡ ಕೊಳೆಯಲಿ ಅಂದರೆ? ಯೂರಿಯಾ ತುಂಬಿ, ಮಣ್ಣು ಮುಚ್ಚಿ, ಒದ್ದೆ ಇಡಿ. ಸಾರಜನಕ ಸಿಕ್ಕಿದರೆ ಶಿಲೀಂಧ್ರಕ್ಕೆ ಹಬ್ಬ. ಎಪ್ಸಮ್ ಸಾಲ್ಟ್‌ಗೆ ಆನ್‌ಲೈನ್‌ನಲ್ಲಿ ದುಡ್ಡು ಸುರಿಯಬೇಡಿ. ಅದು ಮೆಗ್ನೀಶಿಯಂ ಸಲ್ಫೇಟ್, ತೆಂಗಿನ ಗರಿ ಹಳದಿಯಾದರೆ ಹಾಕುವ ಗೊಬ್ಬರ, ಗೊಬ್ಬರದಂಗಡಿಯಲ್ಲೇ ಸಿಗುತ್ತದೆ.

ಸುರತ್ಕಲ್: ಸಾಯಿಸುವುದು ಹೇಗೆ ಅಂತ ಕೇಳಿದ್ದು. ಕೊಳೆಸುವುದು ನಿಮ್ಮ ಸೇರಿಕೆ.

ಕಟಪಾಡಿ: ಕೊಳೆಸುವವರೇ, ತೆಂಗಿನ ಕುತ್ತಿಯನ್ನು ಕೊಳೆಯಲಿಕ್ಕೆ ಬಿಟ್ಟ ನಮ್ಮ ಪಕ್ಕದ ತೋಟದ ಕಥೆ ಕೇಳಿ. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿ ಮೊಟ್ಟೆ ಇಡುವುದೇ ಅಂಥದ್ದರಲ್ಲಿ. ಒಡೆದು ನೋಡಿದರೆ ಹೆಬ್ಬೆರಳು ದಪ್ಪದ ಬಿಳಿ ಹುಳ ಸುರುಟಿ ಮಲಗಿತ್ತು. ನಮ್ಮ ಎಳೆ ತೆಂಗಿನ ಸುಳಿಯೆಲ್ಲ ಕತ್ತರಿಯಲ್ಲಿ ಕತ್ತರಿಸಿದ ಹಾಗಾಯಿತು. ಸಸಿ 150, ಗುಂಡಿಗೆ 400, ಎಲ್ಲ ನೀರುಪಾಲು. ತೆಂಗು ಕಡಿದ ಮೇಲೆ ಚಿಗುರುವುದೂ ಇಲ್ಲ, ಅದಕ್ಕೆ ಮದ್ದು ಬೇರೆ ಕೇಡು!

ಮೂಡುಬಿದಿರೆ: ಇಲ್ಲಿ ತೆಂಗಿನ ವಿಷಯ ತೆಗೆದದ್ದು ಯಾರು?

ಬಜ್ಪೆ: ಕಳೆನಾಶಕ ಒಂದೇ ದಾರಿ. ಬುಡವನ್ನು ಹೊಸದಾಗಿ ಒಂದು ಬಿಲ್ಲೆ ಕೊಯ್ದು, ತೊಗಟೆಯ ಒಳಬದಿಯ ಹಸಿ ಉಂಗುರಕ್ಕೆ ಆಗಲೇ ಬ್ರಶ್‌ನಲ್ಲಿ ಹಚ್ಚಬೇಕು. ಒಣಗಿದರೆ ಒಳಗೆ ಇಳಿಯುವುದಿಲ್ಲ.

ಶಂಕರಪುರ: ಕಳೆನಾಶಕ ಅಂದರೆ ಗ್ಲೈಫೋಸೇಟಾ? 2022ರಲ್ಲೇ ಕೇಂದ್ರ ಅದಕ್ಕೆ ನಿರ್ಬಂಧ ಹಾಕಿ, ಕೀಟ ನಿಯಂತ್ರಣದವರು ಮಾತ್ರ ಬಳಸಬೇಕು ಅಂದಿತ್ತು. ಬಾವಿ ಬುಡದಲ್ಲಿ ಹಚ್ಚಿ ಅಂತೀರಲ್ಲ, ನೀರು ನೀವು ಕುಡೀತೀರಾ?

ಬಜ್ಪೆ: ಬಾವಿ ಉಂಟು ಅಂತ ನೋಡಲಿಲ್ಲ. ಅದಿರಲಿ, ಸಾಗುವಾನಿ ಕಡಿಯಲು ಪರ್ಮಿಶನ್ ತಗೊಂಡಿದ್ದೀರಾ? 1976ರ ಮರ ಸಂರಕ್ಷಣೆ ಕಾಯ್ದೆ ಸುಮ್ನೆ ಇಲ್ಲ.

ಕುಂಜಿಬೆಟ್ಟು: ಕಾಗದ ಎಲ್ಲ ಸರಿ ಉಂಟು ಸ್ವಾಮಿ. ಬುಡದ ಬಗ್ಗೆ ಹೇಳಿ.

ಕಾರ್ಕಳ: ಅಯ್ಯೋ, ಸಾಗುವಾನಿ ಬುಡಕ್ಕೆ ಉಪ್ಪು ಹಾಕ್ತಾರಾ? ಅದರ ತಿರುಳಿಗೆ ಒರಲೆಯೂ ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಟೀಪಾಯಿಗೆ ಚಂದ ಆಗುತ್ತದೆ. ನಾನೇ ಬಂದು ಅಗೆದು ಒಯ್ಯುತ್ತೇನೆ.

ಕಾಪು: ಎಷ್ಟು ಕೊಡ್ತೀರಿ ಅವರಿಗೆ?

ಕಾರ್ಕಳ: ಅಗೆಯುವ ಕೂಲಿ ನನ್ನದೇ ಅಲ್ವಾ, ಮತ್ತೆ ದುಡ್ಡು ಎಂಥದ್ದು?

ಕಾಪು: ಪುಕ್ಕಟೆ ಸಾಗುವಾನಿ! ಕುಂಜಿಬೆಟ್ಟಿನವರೇ, 2,000ಕ್ಕೆ ಕಡಿಮೆ ಕೊಡಬೇಡಿ.