ಆಟಿ (ಜುಲೈ-ಆಗಸ್ಟ್) ಮಳೆಗೆ ಮೊದಲು ಜೋಡು ನಳಿಗೆ ಕೋವಿ ಕ್ಲೀನ್ ಮಾಡುವುದು ಹೇಗೆ? ತೆಂಗಿನೆಣ್ಣೆ ಸಾಕಾ?

ಹೆಬ್ರಿ_ತೋಟ:
ಬೆಳೆ ರಕ್ಷಣೆ ಲೈಸೆನ್ಸಿನ 12 ಬೋರ್ ಜೋಡು ನಳಿಗೆ ತೋಟೆ (ಕಾರ್ಟ್ರಿಜ್) ಕೋವಿ. ಚುನಾವಣೆಗೆ ಠೇವಣಿ ಇಟ್ಟದ್ದು ವಾಪಸ್ ಸಿಕ್ಕಿದೆ. ನಳಿಗೆಯ ಹೊರಗೆ ಅಲ್ಲಲ್ಲಿ ಕಂದು ಚುಕ್ಕೆ, ಒಳಗೆ ತೋಟೆ ಕೂರುವ ಜಾಗದ ಸ್ವಲ್ಪ ಮುಂದೆ ಬೂದು ಗೆರೆ. ಮಡಚುವಾಗ ಬಿಗಿ. ಬಲ ನಳಿಗೆ ಕೆಲವೊಮ್ಮೆ ಸಿಡಿಯುವುದೇ ಇಲ್ಲ, ತೋಟೆಯ ಹಿಂಬದಿಯ ಕೇಪಿನ (ಪೆಟ್ಟಿಗೆ ಸಿಡಿದು ಮದ್ದಿಗೆ ಬೆಂಕಿ ಕೊಡುವ ಬಿಲ್ಲೆ) ಮೇಲೆ ಸಣ್ಣ ಗುರುತು ಮಾತ್ರ ಬೀಳ್ತದೆ. ನಮ್ಮಲ್ಲಿ ಮೊದಲಿಂದಲೂ ತೆಂಗಿನೆಣ್ಣೆ ಹಚ್ಚುವ ಕ್ರಮ. ಅದು ಸರಿಯಾ? ತೋಟೆ ಇಲ್ಲದೆ ಕರಿಮದ್ದು ತುಂಬಿ ಹೊರಗೆ ಕೇಪು ಇಡುವ ಹಳೆಯ ಕೇಪಿನ ಕೋವಿ ಒಂದು ಉಂಟು, ಅದಕ್ಕೂ ಇದೇ ವಿಧಾನವಾ?

ಕಾರ್ಕಳ_ರಿಪೇರಿ:
ತೆಂಗಿನೆಣ್ಣೆ ಇವತ್ತೇ ಬಿಡಿ ಮಾರಾಯ್ರೆ. ಅದು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಗಿನ ಹೊತ್ತು ನಿಮ್ಮ ಹೆಬ್ರಿಯಲ್ಲಿ ಬಾಟಲಿಯೊಳಗೇ ಗಟ್ಟಿಯಾಗುವುದು ನೋಡಿದ್ದೀರಲ್ಲ, ಕೇಪಿಗೆ ಹೊಡೆಯುವ ಫೈರಿಂಗ್ ಪಿನ್ನಿನ ತೂತಿನಲ್ಲೂ ಅದೇ ಆಗ್ತದೆ. ಹಳೆಯದಾದಂತೆ ಕಮಟಿ ಆಮ್ಲವೂ ಹೆಚ್ಚುತ್ತದೆ, ಧೂಳು ಹಿಡಿದು ಅಂಟು ಕೂರುತ್ತದೆ. ಬಲ ನಳಿಗೆಯ ತೊಂದರೆಗೆ ನನ್ನ ಮೊದಲ ಅನುಮಾನ ಅದೇ ಅಂಟು.

ಕೆಲಸ ಶುರು ಮಾಡುವ ಮೊದಲು ಕೋವಿ ಮಡಚಿ ಎರಡೂ ನಳಿಗೆ ಖಾಲಿಯಾ ಅಂತ ಕಣ್ಣಲ್ಲೂ ನೋಡಿ, ಬೆರಳಲ್ಲೂ ಮುಟ್ಟಿ. ತೋಟೆ ಪೆಟ್ಟಿಗೆ ಬೇರೆ ಕೋಣೆಯಲ್ಲಿರಲಿ. ಮುಂದಿನ ಮರದ ತುಂಡು ಕಳಚಿ, ನಳಿಗೆಯನ್ನು ಕೊಕ್ಕೆಯಿಂದ ಎತ್ತಿ ಬೇರೆ ಮಾಡಿ. ರಾಡ್ ಯಾವಾಗಲೂ ತೋಟೆ ಹಾಕುವ ಕಡೆಯಿಂದಲೇ ಹೋಗಬೇಕು. ಬಾಯಿ ಕಡೆಯಿಂದ ತಳ್ಳಿದರೆ ಕೊಳೆಯೆಲ್ಲ ಖಾಲಿ ತೋಟೆ ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಸಂದಿಗೆ ಬಂದು ಕೂರುತ್ತದೆ.

ಆ ಬೂದು ಗೆರೆ ಬಹುಶಃ ಸೀಸ, ಅಥವಾ ತೋಟೆಯ ಪ್ಲಾಸ್ಟಿಕ್ ಬಿರಡೆಯ ಕಲೆ. ತೋಟೆ ಕೂರುವ ಕೋಣೆ ಮುಗಿದು ನಳಿಗೆ ಕಿರಿದಾಗುವ ಜಾಗದಲ್ಲೂ ಬಾಯಿ ಹತ್ತಿರ ನಳಿಗೆ ಮತ್ತೆ ಕಿರಿದಾಗುವ ಚೋಕ್‌ನಲ್ಲೂ ಅದು ಮೆತ್ತಿಕೊಳ್ಳುವುದು ಹೆಚ್ಚು. ಬೋರ್ ಸಾಲ್ವೆಂಟಿನಲ್ಲಿ (ನಳಿಗೆಯ ಕೊಳೆ ಕರಗಿಸುವ ದ್ರವ) ಬಟ್ಟೆ ನೆನೆಸಿ ಒಂದು ಸಲ ಎಳೆದು 15 ನಿಮಿಷ ಬಿಡಿ. ಆಮೇಲೆ 12 ಬೋರಿನ ಫಾಸ್ಫರ್ ಬ್ರಾಂಜ್ ಬ್ರಷ್ಷನ್ನು ಪೂರ್ತಿ ಆಚೆ ದಾಟಿಸಿ ವಾಪಸ್ ಎಳೆಯಿರಿ, ಹತ್ತು ಸಲ. ನಡುವೆ ದಿಕ್ಕು ಬದಲಿಸಿದರೆ ತಂತಿ ಬಾಗಿ ಬ್ರಷ್ ಹಾಳು. ಒಣ ಬಟ್ಟೆ ಬೆಳ್ಳಗೆ ಬರುವವರೆಗೆ ಇದೇ ಕೆಲಸ. ಕೊನೆಗೆ ನಳಿಗೆಯನ್ನು ಆಕಾಶದ ಬೆಳಕಿಗೆ ಹಿಡಿದು ನಿಧಾನ ತಿರುಗಿಸಿ ನೋಡಿ. ಸೀಸ ಉದ್ದಕ್ಕೆ ಮಂಕು ಗೆರೆಯಾಗಿ ಕಾಣುತ್ತದೆ, ಗುಳಿ ಬಿದ್ದ ತುಕ್ಕು ಕಪ್ಪು ಚುಕ್ಕೆ. ಬೆಳಕಿನ ಉಂಗುರ ಒಂದು ಕಡೆ ಮುರಿದಂತೆ ಕಂಡರೆ ನಳಿಗೆ ಉಬ್ಬಿದೆ ಅಥವಾ ತಗ್ಗಿದೆ ಎಂದೇ ಲೆಕ್ಕ. ಅಂಥ ಕೋವಿಯಿಂದ ಈಡು ಹೊಡೆಯಲೇಬೇಡಿ, ಲೈಸೆನ್ಸ್ ಇರುವ ರಿಪೇರಿಯವರಿಗೆ ತೋರಿಸಿ.

ಹೊರಗಿನ ಚುಕ್ಕೆಗೆ ಎಣ್ಣೆ ಹಾಕಿ ಒಂದು ಗಂಟೆ ಬಿಟ್ಟು, 0000 ನಂಬ್ರದ (ಅತಿ ನಯವಾದ) ಸ್ಟೀಲ್ ವುಲ್‌ನಿಂದ ಹಗುರವಾಗಿ ಉಜ್ಜಿ. ಸ್ಯಾಂಡ್ ಪೇಪರ್ ತಾಗಿಸಿದರೆ ನೀಲಿ ಲೇಪ ಹೋಗಿ ಬರಿ ಕಬ್ಬಿಣ ಉಳಿಯುತ್ತದೆ, ಮುಂದಿನ ಮಳೆಗಾಲಕ್ಕೆ ಇಡೀ ನಳಿಗೆ ಕಂದು.

ಬಲ ನಳಿಗೆಯ ವಿಷಯ. ಟ್ರಿಗರ್, ಹಿಡಿಮರ ಇರುವ ಮುಖ್ಯ ಭಾಗವನ್ನು ಪಿನ್ನಿನ ತೂತು ಕೆಳಮುಖವಾಗುವಂತೆ ಹಿಡಿದು, ಕೆಳಗಿನಿಂದ ತೂತಿಗೆ ಸಾಲ್ವೆಂಟ್ ಚಿಮ್ಮಿಸಿ ಕೆಳಕ್ಕೇ ಸುರಿದುಹೋಗಲು ಬಿಡಿ. ಮೇಲ್ಮುಖ ಮಾಡಿದರೆ ಅದೆಲ್ಲ ಮರದೊಳಗೆ ಇಳಿಯುತ್ತದೆ. ಒಣಗಿದ ಮೇಲೆ ತೆಳು ಗನ್ ಆಯಿಲ್ ಒಂದೇ ಹನಿ. ಜೋಡಿಸಿ, ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ನಕಲಿ ತೋಟೆ) ಹಾಕಿ ಟ್ರಿಗರ್ ಎಳೆದು ನೋಡಿ. ಮುಂದೆ ಈಡು ಹೊಡೆಯುವಾಗಲೂ ತೋಟೆಯ ಕೇಪಿನ ಮೇಲೆ ಗುರುತು ಸಣ್ಣದೇ ಬಿದ್ದರೆ ಸ್ಪ್ರಿಂಗ್ ಸೋತಿದೆ ಅಥವಾ ಪಿನ್ನಿನ ತುದಿ ಸವೆದಿದೆ, ಮನೆಯಲ್ಲಿ ಬಿಚ್ಚುವ ಕೆಲಸ ಅಲ್ಲ. ಮತ್ತೆ, ಸಿಡಿಯದ ತೋಟೆ ಇದ್ದಾಗ ತಕ್ಷಣ ಮಡಚಬೇಡಿ. ಬಾಯಿ ಸುರಕ್ಷಿತ ದಿಕ್ಕಿಗೆ ಇಟ್ಟು ಕನಿಷ್ಠ 30 ಸೆಕೆಂಡ್ ಕಾಯಿರಿ, ತಡವಾಗಿ ಸಿಡಿಯುವುದುಂಟು.

ಬಿಗಿ ಬಿಡಿಸಲು ಮಡಚುವ ಪಿನ್ನಿಗೂ ಅದು ಕೂರುವ ಕೊಕ್ಕೆಗೂ ಅಕ್ಕಿಕಾಳಿನಷ್ಟು ಗ್ರೀಸ್ ಸಾಕು. ಅಲ್ಲಿ ಎಣ್ಣೆ ನಿಲ್ಲುವುದಿಲ್ಲ, ಒತ್ತಡಕ್ಕೆ ಹಿಂಡಿಹೋಗುತ್ತದೆ.

ಪಡುಬಿದ್ರಿ_ಕಡಲಕರೆ:
ಮೇಲಿನದ್ದು ಪೂರ್ತಿ ಸರಿ. ಇಡುವ ಕ್ರಮದ ಬಗ್ಗೆ ಮಾತ್ರ ಸೇರಿಸ್ತೇನೆ, ನಮ್ಮ ಊರಲ್ಲಿ ಕೋವಿ ಹಾಳಾಗುವುದು ಈಡು ಹೊಡೆದಲ್ಲ, ಇಟ್ಟು. ಚರ್ಮದ ಚೀಲದಲ್ಲಿ, ಸ್ಪಂಜಿನ ಪೆಟ್ಟಿಗೆಯಲ್ಲಿ ಮಳೆಗಾಲ ಕಳೆಯಬೇಡಿ, ಎರಡೂ ತೇವ ಹೀರಿ ಕಬ್ಬಿಣಕ್ಕೆ ಒತ್ತಿ ಹಿಡಿಯುತ್ತವೆ. ನೀಲಿ ಲೇಪವೇ ತುಕ್ಕು ತಡೆಯುತ್ತದೆ ಅನ್ನುವುದು ತಪ್ಪು. ಅದು ಎಣ್ಣೆ ಹಿಡಿದಿಡುವ ತೆಳು ಪದರ ಅಷ್ಟೆ, ಎಣ್ಣೆ ಒಣಗಿದರೆ ರಕ್ಷಣೆ ಇಲ್ಲ. ಹೊಲಿಗೆ ಮೆಷಿನ್ ಎಣ್ಣೆ ಜಾರಲಿಕ್ಕೆ ಆದೀತು, ಉಪ್ಪುಗಾಳಿಗೆ ನಿಲ್ಲುವುದಿಲ್ಲ. ಸೀಮೆಎಣ್ಣೆ ಕೊಳೆ ತೆಗೆಯಲಿಕ್ಕೆ ಮಾತ್ರ, ಒರೆಸಿ ಮೇಲೆ ಎಣ್ಣೆ ಹಚ್ಚಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಒರೆಸಿ, ಬೆವರಿನ ಕೈ ತಾಗಿದ ದಿನ ಅವತ್ತೇ. ಬೀಗದ ಕಪಾಟಿನಲ್ಲಿ ಬಾಯಿ ಕೆಳಗಾಗಿ ನಿಲ್ಲಿಸಿ, ಇಲ್ಲದಿದ್ದರೆ ಎಣ್ಣೆ ಇಳಿದು ಹಿಡಿಮರದ ಕುತ್ತಿಗೆ ಮೆತ್ತಗಾಗುತ್ತದೆ. ಈಡು ಹೊಡೆಯುವ ಮುಂಚೆ ನಳಿಗೆಗೂ ಕೋಣೆಗೂ ಒಣ ಬಟ್ಟೆ ಎಳೆಯಲೇಬೇಕು. ಕೋಣೆಯಲ್ಲಿ ಎಣ್ಣೆ ಇದ್ದರೆ ತೋಟೆ ಗೋಡೆ ಹಿಡಿಯದೆ ಕೋವಿಯ ಹಿಂಬದಿಯ ಮುಖಕ್ಕೆ ಜಾಸ್ತಿ ಒತ್ತುತ್ತದೆ.

ಕಾರ್ಕಳ_ರಿಪೇರಿ:
ಕೇಪಿನ ಕೋವಿ ಬಿಟ್ಟುಹೋಯ್ತು. ಅದಕ್ಕೆ ನೀರೇ ಬೇಕು. ಕರಿಮದ್ದಿನ ಮಸಿಯಲ್ಲಿ ಪೊಟ್ಯಾಸಿಯಂ ಲವಣಗಳು ಇರುತ್ತವೆ, ಅವು ಗಾಳಿಯ ತೇವ ಎಳೆದುಕೊಳ್ಳುತ್ತವೆ. ಪೆಟ್ರೋಲ್, ಎಣ್ಣೆ ಯಾವುದರಲ್ಲೂ ಕರಗುವುದಿಲ್ಲ. ಕೇಪು ಕೂರುವ ಮೊಳೆ ಕಳಚಿ, ಬಿಸಿನೀರಿಗೆ ಸೋಪು ಹಾಕಿ ತೊಳೆದು, ಮತ್ತೆ ಬರಿ ಬಿಸಿನೀರು ಹೊಯ್ದು ತಕ್ಷಣ ಒಣಗಿಸಿ ಎಣ್ಣೆ ಹಚ್ಚಿ. ಈಡು ಹೊಡೆದ ದಿನವೇ ಆಗಬೇಕು, ನಮ್ಮ ಆಟಿಯಲ್ಲಿ ಮರುದಿನಕ್ಕೇ ಕೆಂಪು ಕಾಣುತ್ತದೆ.

ಹೆಬ್ರಿ_ತೋಟ:
ತುಂಬಾ ಉಪಕಾರ ಆಯ್ತು. ನೆಂಟರೊಬ್ಬರ ಹತ್ತಿರ ಲೈಸೆನ್ಸಿನ .22 ಸೆಮಿ ಆಟೊಮ್ಯಾಟಿಕ್ ರೈಫಲ್ ಉಂಟು. ಎರಡನೇ ತೋಟೆ ಸಿಕ್ಕಿಹಾಕಿಕೊಳ್ತದಂತೆ.

ಮಂಗಳೂರು_ಗುರಿ:
ಮೊದಲು ಮ್ಯಾಗಝಿನ್ ತೆಗೆದು, ಬೋಲ್ಟ್ (ಕೋಣೆಯನ್ನು ಹಿಂದಿನಿಂದ ಮುಚ್ಚುವ ಜಾರುವ ತುಂಡು) ಎಳೆದು ಕೋಣೆ ನೋಡಲಿ, ಈ ಕ್ರಮ ತಿರುಗುಮುರುಗಾಗಬಾರದು. .22ರಲ್ಲಿ ಖಾಲಿ ತೋಟೆಯ ಒದೆತಕ್ಕೇ ಬೋಲ್ಟ್ ಹಿಂದೆ ಹೋಗುತ್ತದೆ. ಗುಂಡಿನ ಮೇಣವೂ ಮಸಿಯೂ ಸೇರಿ ಬೋಲ್ಟಿನ ಮುಖದಲ್ಲಿ, ಎಕ್ಸ್‌ಟ್ರಾಕ್ಟರ್ ಕೊಕ್ಕೆಯಡಿ, ಕೋಣೆಯ ಅಂಚಿನಲ್ಲಿ ಗಟ್ಟಿಯಾದಾಗ ಬೋಲ್ಟ್ ಪೂರ್ತಿ ಮುಚ್ಚುವುದಿಲ್ಲ. ನೈಲಾನ್ ಬ್ರಷ್ಷಿಗೆ ಸಾಲ್ವೆಂಟ್ ಹಚ್ಚಿ ಆ ಮೂರು ಜಾಗ ಉಜ್ಜಿದರೆ ಹೆಚ್ಚಿನ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಬೋಲ್ಟ್ ಜಾರುವ ಎರಡು ಬದಿಗೆ ಒಂದೊಂದು ಹನಿ ಎಣ್ಣೆ. ಜಾಸ್ತಿ ಹಾಕಿದರೆ ಮಸಿಯೊಂದಿಗೆ ಕಲಸಿ ಹಿಟ್ಟಾಗುತ್ತದೆ. ಹಿಂದಿನಿಂದ ರಾಡ್ ಹೋಗದ ಮಾದರಿಯಾದರೆ ಹಗ್ಗದಂಥ ಪುಲ್‌ಥ್ರೂ ಬಳಸಲಿ, ಬಾಯಿಯ ಅಂಚಿಗೆ ರಾಡ್ ಉಜ್ಜಿದರೆ ಗುರಿ ಹೋಗುತ್ತದೆ. ಮ್ಯಾಗಝಿನ್ ಒಳಗೆ ಎಣ್ಣೆ ಬೇಡವೇ ಬೇಡ, ಅದು ತೋಟೆಗೆ ಇಳಿದರೆ ಅಂಚಿನ ಮದ್ದು ಸಾಯುತ್ತದೆ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.